ಪಾಂಡಾ3ಡಿ: ಥೀಮ್ ಪಾರ್ಕಿನಿಂದ ಮನೆಯ ಲ್ಯಾಪ್‌ಟಾಪ್‌ಗೆ ಬಂದ ಗೇಮ್ ಇಂಜಿನ್

ಪಾಂಡಾ3ಡಿ ಎಂಬುದು ತ್ರೀಡಿ ಗೇಮ್‌ಗಳನ್ನು ತಯಾರಿಸಲು ಬಳಸುವ ಉಚಿತ, ಓಪನ್ ಸೋರ್ಸ್ ಇಂಜಿನ್. ಹುಟ್ಟಿದ್ದು ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ, ಡಿಸ್ನಿ ಕಂಪೆನಿಯ ವಿಆರ್ ಸ್ಟುಡಿಯೋದಲ್ಲಿ. ಇವತ್ತು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಊರಲ್ಲಿ ಕಾಲೇಜು ಓದುತ್ತಿರುವ ಮಗ ಗೇಮ್ ಮಾಡೋದು ಕಲಿಯಬೇಕು, ದುಬಾರಿ ಲ್ಯಾಪ್‌ಟಾಪ್ ಬೇಕು ಅಂತ ವಾಟ್ಸಾಪ್‌ನಲ್ಲಿ ಕೇಳಿದಾಗ, ಸಂಬಳದ ಲೆಕ್ಕ ಹಾಕುವ ಮೊದಲು ತಿಳಿದುಕೊಳ್ಳಬೇಕಾದ ಹೆಸರುಗಳಲ್ಲಿ ಇದೂ ಒಂದು.

ಗೇಮ್ ಇಂಜಿನ್ ಅಂದರೆ ಗೇಮ್ ಅಲ್ಲ. ಪರದೆಯ ಮೇಲೆ ಚಿತ್ರ ಮೂಡಿಸುವುದು, ಶಬ್ದ ಹೊರಡಿಸುವುದು, ಕೀಬೋರ್ಡ್ ಒತ್ತಿದ್ದನ್ನು ಗುರುತಿಸುವುದು, ಒಂದು ವಸ್ತು ಇನ್ನೊಂದಕ್ಕೆ ಡಿಕ್ಕಿ ಹೊಡೆಯಿತೇ ಎಂದು ನೋಡುವುದು ಎಲ್ಲ ಗೇಮ್‌ಗಳಿಗೂ ಬೇಕಾದ ಕೆಲಸ. ಅದನ್ನು ಒಮ್ಮೆ ಬರೆದಿಟ್ಟರೆ ಅದೇ ಇಂಜಿನ್. ಆದರೆ ಈ ಕೆಲಸಗಳನ್ನು ವಿಂಡೋಸ್ ಒಂದು ರೀತಿ ಮಾಡಿಸಿದರೆ ಮ್ಯಾಕ್ ಇನ್ನೊಂದು ರೀತಿ ಮಾಡಿಸುತ್ತದೆ. ಊರಿನ ಗುಂಡು ಪಿನ್ನಿನ ಚಾರ್ಜರ್ ಗಲ್ಫ್‌ನ ಚಪ್ಪಟೆ ಪಿನ್ನಿನ ಸಾಕೆಟ್‌ಗೆ ಹೋಗುವುದಿಲ್ಲ, ಮಧ್ಯೆ ಅಡಾಪ್ಟರ್ ಬೇಕು. ಅಂಥ ಅಡಾಪ್ಟರ್ ಬರೆಯುವ ಕೆಲಸಕ್ಕೆ ಪೋರ್ಟಿಂಗ್ ಎನ್ನುತ್ತಾರೆ.

ಈ ತಲೆನೋವು ಹಳೆಯದು. ಲಾಸ್ ಏಂಜಲೀಸ್‌ನಿಂದ ದಕ್ಷಿಣಕ್ಕೆ ಸುಮಾರು 190 ಕಿಲೋಮೀಟರ್ ಹೋದರೆ ಸ್ಯಾನ್ ಡಿಯಾಗೋ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಪ್ರೊಫೆಸರ್ ಕೆನೆತ್ ಬೌಲ್ಸ್ ಮತ್ತು ಅವರ ವಿದ್ಯಾರ್ಥಿಗಳು ಪಿ-ಸಿಸ್ಟಮ್ ಎಂಬ ವ್ಯವಸ್ಥೆ ಕಟ್ಟಿದರು. ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಅದು ನೇರವಾಗಿ ಒಂದು ಯಂತ್ರದ ಭಾಷೆಗೆ ಇಳಿಸದೆ, ಪಿ-ಕೋಡ್ ಎಂಬ ನಡುವಿನ ರೂಪಕ್ಕೆ ತಂದು ನಿಲ್ಲಿಸುತ್ತಿತ್ತು. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಅರ್ಧ ಬೇಯಿಸಿದ ಪರೋಟ ಪ್ಯಾಕೆಟ್ ಇದ್ದ ಹಾಗೆ, ಉಳಿದದ್ದನ್ನು ಅವರವರ ಕಾವಲಿಯಲ್ಲಿ ಬೇಯಿಸಿಕೊಳ್ಳಬೇಕು. ಹೊಸ ಕಂಪ್ಯೂಟರ್ ಬಂದರೆ ಪಿ-ಕೋಡ್ ಓದುವ ಚಿಕ್ಕ ಭಾಗವನ್ನು ಮಾತ್ರ ಹೊಸದಾಗಿ ಬರೆದರೆ ಸಾಕು. ವೇಗ ಸ್ವಲ್ಪ ಕಡಿಮೆ, ಅದೇ ಅದರ ಬೆಲೆ. 1981ರಲ್ಲಿ ಬಂದ ಪ್ರಸಿದ್ಧ ಗೇಮ್ 'ವಿಝಾರ್ಡ್ರಿ'ಯನ್ನು ಬರೆದದ್ದು ಇದರ ಆಪಲ್ ಆವೃತ್ತಿಯಲ್ಲಿ. ಜಾವಾ ನಿಂತಿರುವುದೂ ಇದೇ ಬಗೆಯ ಯೋಚನೆಯ ಮೇಲೆ.

ಡಿಸ್ನಿಯವರ ದಾರಿ ಬೇರೆ. 1990ರ ದಶಕದಲ್ಲಿ ಅವರು 'ಅಲ್ಲಾದೀನನ ಮಾಯಾ ಚಾಪೆ' ಎಂಬ ವಿಆರ್ ಸವಾರಿ ಮಾಡಿದರು. ತಲೆಗೆ ಹೆಲ್ಮೆಟ್ ಥರದ ಪರದೆ ಹಾಕಿಕೊಂಡು ಅಗ್ರಬಾ ಪಟ್ಟಣದ ಮೇಲೆ ಹಾರಾಡಬಹುದಿತ್ತು. ಅದು ನಡೆಯುತ್ತಿದ್ದುದು ಸಿಲಿಕಾನ್ ಗ್ರಾಫಿಕ್ಸ್ ಕಂಪೆನಿಯ ಭಾರೀ ಬೆಲೆಯ ಯಂತ್ರಗಳ ಮೇಲೆ, ಮನೆಗೆ ತರುವ ಮಾತೇ ಇಲ್ಲ. ಆ ಸವಾರಿಗಾಗಿ ಬರೆದ ಇಂಜಿನ್ನೇ ಬೆಳೆದು ಪಾಂಡಾ3ಡಿ ಆಯಿತು. ಹೆಸರಿನಲ್ಲಿರುವ ಪಾಂಡಾ ಕರಡಿಯಲ್ಲ. 'ಯಾವ ಪ್ಲಾಟ್‌ಫಾರ್ಮ್ ಆದರೂ ಸರಿ' ಎಂಬ ಅರ್ಥದ ಇಂಗ್ಲಿಷ್ ಪದಗಳಿಂದ ಶುರುವಾಗುವ ಒಂದು ಉದ್ದನೆಯ ಹೆಸರಿನ ಮೊದಲ ಅಕ್ಷರಗಳು. ಇದೇ ಇಂಜಿನ್ ಮೇಲೆ 2003ರಲ್ಲಿ ಮಕ್ಕಳ ಆನ್‌ಲೈನ್ ಗೇಮ್ 'ಟೂನ್‌ಟೌನ್' ಸಾಮಾನ್ಯ ಮನೆ ಕಂಪ್ಯೂಟರ್‌ಗೆ ಬಂತು.

ಇಷ್ಟು ದೂರ ಬರಲು ಸಾಧ್ಯವಾದದ್ದು ಒಳಗಿನ ಕಟ್ಟಡದಿಂದ. ಭಾರದ ಕೆಲಸವೆಲ್ಲ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಗೇಮ್ ಬರೆಯುವವರು ಹೆಚ್ಚಾಗಿ ಪೈಥಾನ್ ಬಳಸುತ್ತಾರೆ. ಚಿತ್ರ ಬಿಡಿಸುವ ಆಜ್ಞೆಗಳೆಲ್ಲ ಒಂದೇ ಬಾಗಿಲಿನಿಂದ ಹೋಗಬೇಕು. ಆ ಬಾಗಿಲ ಆಚೆ ಓಪನ್‌ಜಿಎಲ್ ಇದೆಯೋ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಇದೆಯೋ ಗೇಮ್‌ಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ದೊಡ್ಡ ವಿಷಯ ಸರಿ, ಆದರೆ ಪೋರ್ಟಿಂಗ್‌ನಲ್ಲಿ ಜನ ಮುಗ್ಗರಿಸುವುದು ಚಿಲ್ಲರೆ ವಿಷಯಗಳಲ್ಲಿ. ಫೈಲಿನ ಹೆಸರನ್ನೇ ನೋಡಿ. ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರುಗಳ ಮಧ್ಯೆ ಬರುವ ಗೆರೆ ಒಂದು ಕಡೆ ವಾಲಿದರೆ ಲಿನಕ್ಸ್‌ನಲ್ಲಿ ಇನ್ನೊಂದು ಕಡೆ ವಾಲುತ್ತದೆ. ಪಾಂಡಾ3ಡಿ ಎಲ್ಲ ಕಡೆಯೂ ಲಿನಕ್ಸ್ ರೀತಿಯನ್ನೇ ಇಟ್ಟುಕೊಂಡು, ವಿಂಡೋಸ್‌ಗೆ ತಾನೇ ಬದಲಿಸಿ ಕೊಡುತ್ತದೆ. ಇನ್ನೊಂದು, ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರ. ಮರದ ಚಿತ್ರವಿರುವ ಫೈಲಿಗೆ ದೊಡ್ಡಕ್ಷರದಿಂದ ಹೆಸರಿಟ್ಟು, ಪ್ರೋಗ್ರಾಮಿನಲ್ಲಿ ಸಣ್ಣಕ್ಷರದಲ್ಲಿ ಬರೆದರೆ ವಿಂಡೋಸ್ ಏನೂ ಅನ್ನದೆ ತೆರೆಯುತ್ತದೆ. ಅದೇ ಗೇಮ್ ಲಿನಕ್ಸ್‌ಗೆ ಹೋದರೆ ಮರ ಮಾಯ! ಅದಕ್ಕೇ ಪಾಂಡಾ3ಡಿ ವಿಂಡೋಸ್‌ನಲ್ಲಿ ಓಡುವಾಗಲೇ ಅಕ್ಷರ ಸರಿಯಿಲ್ಲ ಎಂದು ಎಚ್ಚರಿಸುತ್ತದೆ. ಇಂಥ ಚಿಕ್ಕ ಜಾಗ್ರತೆಗಳನ್ನು ನೋಡಿದರೆ ಇದು ಪುಸ್ತಕ ಓದಿ ಬರೆದದ್ದಲ್ಲ, ಪೆಟ್ಟು ತಿಂದು ಬರೆದದ್ದು ಎಂದು ಗೊತ್ತಾಗುತ್ತದೆ.

ಮಾಡಿದ ಪೋರ್ಟ್ ಮಾಡಿದ ಹಾಗೇ ಉಳಿಯುವುದೂ ಇಲ್ಲ. 2018ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಲ್ಲಿ ಓಪನ್‌ಜಿಎಲ್ ಇನ್ನು ಹಳೆಯದಾಯಿತು ಎಂದು ಘೋಷಿಸಿತು. 2020ರಲ್ಲಿ ಪ್ರೊಸೆಸರನ್ನೇ ಬದಲಿಸಿತು. ಪ್ರತಿ ಸಲವೂ ಯಾರಾದರೂ ಕೂತು ರಿಪೇರಿ ಮಾಡಲೇಬೇಕು.

ಯಾರು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಲೈಸೆನ್ಸಿನಲ್ಲಿದೆ. ವಿಶ್ವವಿದ್ಯಾಲಯಗಳ ಜತೆ ಕೆಲಸ ಸುಲಭವಾಗಲಿ ಎಂದು ಡಿಸ್ನಿ 2002ರಲ್ಲಿ ಪಾಂಡಾ3ಡಿಯ ಸೋರ್ಸ್ ಕೋಡನ್ನು ಬಹಿರಂಗ ಮಾಡಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕೈಜೋಡಿಸಿತು. 2008ರಲ್ಲಿ ಅದು ಬಿಎಸ್‌ಡಿ ಮಾದರಿ ಲೈಸೆನ್ಸ್‌ಗೆ ಬಂತು, ಅಂದರೆ ಗೇಮ್ ಮಾಡಿ ಮಾರಿದರೂ ಇಂಜಿನ್ನಿಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. 2013ರ ಸೆಪ್ಟೆಂಬರ್ 19ರಂದು ಡಿಸ್ನಿ ಟೂನ್‌ಟೌನ್ ಸರ್ವರ್‌ಗಳನ್ನು ನಿಲ್ಲಿಸಿತು. ಅದನ್ನು ಆಡುತ್ತಾ ಬೆಳೆದ ಹುಡುಗರು ಸುಮ್ಮನೆ ಕೂರಲಿಲ್ಲ. ಇಂಜಿನ್ ಎಲ್ಲರ ಕೈಗೆ ಸಿಗುವಂತಿದ್ದುದರಿಂದ 'ಟೂನ್‌ಟೌನ್ ರಿರಿಟನ್' ಎಂದು ಮತ್ತೆ ಕಟ್ಟಿ, ಹಣ ಪಡೆಯದೆ ನಡೆಸುತ್ತಿದ್ದಾರೆ. ಒಂದು ಮಾತು ನೆನಪಿರಲಿ, ಮುಕ್ತವಾಗಿರುವುದು ಇಂಜಿನ್ ಮಾತ್ರ. ಟೂನ್‌ಟೌನ್‌ನ ಪಾತ್ರ, ಚಿತ್ರಗಳ ಹಕ್ಕು ಈಗಲೂ ಡಿಸ್ನಿಯದ್ದೇ.

ಬಳಸುವುದು ಹೇಗೆ? ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಪಿಪ್ ಎಂಬ ಟೂಲ್‌ನಿಂದ ಒಂದೇ ಸಾಲಿನಲ್ಲಿ ಹಾಕಿಕೊಳ್ಳಬಹುದು. ಇಂಜಿನ್ನನ್ನೇ ಬದಲಿಸಬೇಕು ಅನ್ನುವವರು ಮಾತ್ರ ಸೋರ್ಸ್ ಇಳಿಸಿಕೊಂಡು 'ಮೇಕ್‌ಪಾಂಡಾ' ಸ್ಕ್ರಿಪ್ಟ್ ಓಡಿಸಬೇಕು, ಹಳೆಯ ಲ್ಯಾಪ್‌ಟಾಪ್ ಆದರೆ ಚಾ ಕುಡಿದು ಬರುವಷ್ಟು ಹೊತ್ತು ಸಾಲದು. ಗೇಮ್ ಮುಗಿದ ಮೇಲೆ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ಕೂತು ವಿಂಡೋಸ್‌ಗೂ ಮ್ಯಾಕ್‌ಗೂ ಪ್ಯಾಕೇಜ್ ಮಾಡಬಹುದು. ಬೇರೆ ಕಂಪ್ಯೂಟರ್ ಕೊಳ್ಳಬೇಕಾಗಿಲ್ಲ, ಆದರೂ ಗೆಳೆಯರ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಹಳೆಯ ಗ್ರಾಫಿಕ್ಸ್ ಚಿಪ್‌ಗಳನ್ನೂ ಇದು ಕೈಬಿಟ್ಟಿಲ್ಲ.

ಕೊರತೆಗಳೂ ಇವೆ. ಮೌಸ್‌ನಿಂದ ಎಳೆದು ದೃಶ್ಯ ಜೋಡಿಸುವ ಯೂನಿಟಿ, ಗೋಡೋ ಥರದ ಎಡಿಟರ್ ಇದರಲ್ಲಿ ನಿರೀಕ್ಷಿಸಬಾರದು, ಕೋಡ್ ಬರೆಯಲೇಬೇಕು. ಆಂಡ್ರಾಯ್ಡ್ ಪೋರ್ಟ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಮೊಬೈಲ್ ಗೇಮ್ ಮಾಡುವ ಆಸೆಯಿದ್ದವರಿಗೆ ಗೋಡೋ ವಾಸಿ. ಕೆಲಸ ಹುಡುಕುವವರನ್ನು ಕಂಪೆನಿಗಳು ಸಾಮಾನ್ಯವಾಗಿ ಕೇಳುವುದು ಯೂನಿಟಿ, ಅನ್‌ರಿಯಲ್ ಹೆಸರನ್ನೇ. ಇಂಜಿನ್ ಒಳಗೆ ಏನು ನಡೆಯುತ್ತದೆ ಎಂದು ಕಲಿಯಲು ಮಾತ್ರ ಪಾಂಡಾ3ಡಿಯಷ್ಟು ಸಲೀಸಾದ್ದು ಕಡಿಮೆ.

ಗೇಮ್ ಒಳಗೆ ಕನ್ನಡ ಅಕ್ಷರ ಬೇಕು ಅನ್ನುವವರಿಗೆ ಒಂದು ಸೂಚನೆ. ಸುಮ್ಮನೆ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ, 'ಅಕ್ಕ' ಹೋಗಿ 'ಅಕ್‌ಕ' ಆಗುತ್ತದೆ. 1.10 ಆವೃತ್ತಿಯಿಂದ ಇದರಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಲೈಬ್ರರಿ ಸೇರಿದೆ, ಆದರೆ ಮೊದಲಿಗೆ ಆಫ್ ಆಗಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅದನ್ನು ಆನ್ ಮಾಡಿಕೊಳ್ಳಬೇಕು. ಅರೇಬಿಕ್ ಅಕ್ಷರಗಳನ್ನು ಕೂಡಿಸಿ ಬರೆಯಲಿಕ್ಕೂ ಬೇಕಾದದ್ದು ಅದೇ ಸೆಟ್ಟಿಂಗ್.