ಮೂಸಿ ನದಿ, ಸರ್ ಎಂ.ವಿ. ಮತ್ತು ಇಪ್ಪತ್ತೆರಡು ವರ್ಷ ಕಾದ ಚರಂಡಿ

ಇವತ್ತಿನ ಮಾತು ಚರಂಡಿಯ ಬಗ್ಗೆ. ಮೂಗು ಮುಚ್ಕೋಬೇಡಿ, ಕೊನೇವರೆಗೂ ಕೇಳಿ.

ಹೋದ ಮಳೆಗಾಲದಲ್ಲಿ ಹೈದರಾಬಾದಿನ ನಮ್ಮ ಮನೆಯಲ್ಲಿ ಮಗಳಿಗೆ ಕಾಮಾಲೆ ಆಯಿತು. ಡಾಕ್ಟರು ಅವಳ ಕಣ್ಣು ನೋಡಿದವರೇ ನನ್ನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಗಲ್ಲಿಯಲ್ಲಿ ರಸ್ತೆ ಅಗೆದಿದ್ದಾರಾ?" ಹೌದು, ಅಗೆದಿದ್ದರು. ಕುಡಿಯುವ ನೀರಿನ ಪೈಪು, ಒಳಚರಂಡಿ ಪೈಪು ಎರಡೂ ಅಕ್ಕಪಕ್ಕ. ಒಂದು ಸೋರಿದರೆ ಇನ್ನೊಂದರೊಳಗೆ. ಮಗಳು ಮೂರು ವಾರ ಮಲಗಿ ಎದ್ದಳು, ಈಗ ಚೆನ್ನಾಗಿದ್ದಾಳೆ. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ರೋಗ ಮಗುವಿನ ಹೊಟ್ಟೆಯಲ್ಲಿ, ಕಾರಣ ರಸ್ತೆಯ ಕೆಳಗೆ! ಇದು ಮನುಷ್ಯರಿಗೆ ಯಾವಾಗ ಗೊತ್ತಾಯಿತು? ಗೊತ್ತಾದ ಮೇಲೆ ಏನು ಮಾಡಿದರು? ಈ ಎರಡು ಪ್ರಶ್ನೆ ಹಿಡಿದು ಹೊರಟೆ.

ಹೈದರಾಬಾದು ಸಾಂಕ್ರಾಮಿಕ ರೋಗದ ನೆನಪನ್ನು ಹಬ್ಬವಾಗಿ ಉಳಿಸಿಕೊಂಡ ಊರು. ಆಷಾಢದಲ್ಲಿ ಹೆಂಗಸರು ಅನ್ನದ ಗಡಿಗೆ ತಲೆ ಮೇಲೆ ಹೊತ್ತು ಅಮ್ಮನ ಗುಡಿಗೆ ಹೋಗುವ ಬೋನಾಲು ಹಬ್ಬವನ್ನು ನೀವು ನೋಡಿರಬಹುದು. 1813ರ ಸುಮಾರಿಗೆ ಇಲ್ಲಿ ದೊಡ್ಡ ಬೇನೆ ಬಂದಾಗ ಹೊತ್ತ ಹರಕೆಯಿಂದ ಅದು ಶುರುವಾಯಿತು ಅಂತ ಜನ ಹೇಳುತ್ತಾರೆ. ನಮ್ಮ ಕಡೆಯೂ ಹಾಗೇ. ಕಲಬುರಗಿ ಕಡೆಯ ನಮ್ಮಜ್ಜಿ ವರ್ಷಗಳನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ, "ಇಲಿ ಬಿದ್ದ ವರ್ಷ" ಅನ್ನುತ್ತಿದ್ದಳು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತು ಅಂತ ಅರ್ಥ. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು.

ಇದೆಲ್ಲ ನಮ್ಮ ದೇಶದ ಕಥೆ, ಯುರೋಪಿನವರು ಮುಂದಿದ್ದರು ಅಂದುಕೊಂಡಿದ್ದರೆ ಸ್ವಲ್ಪ ತಡೀರಿ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ದೊಡ್ಡ ದೊಡ್ಡ ವೈದ್ಯರು ಕೂಡ ರೋಗ ಬರುವುದು ಕೆಟ್ಟ ಗಾಳಿಯಿಂದ ಅಂತ ನಂಬಿದ್ದರು. ಮಲೇರಿಯಾ ಅನ್ನುವ ಇಟಾಲಿಯನ್ ಮೂಲದ ಪದದ ಅರ್ಥವೇ ಕೆಟ್ಟ ಗಾಳಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಲೆಕ್ಕ ಹಾಕಿ, ಒಂದೇ ಕೈಪಂಪಿನತ್ತ ಬೆರಳು ತೋರಿಸಿದ. ಪಂಪಿನ ಹಿಡಿಕೆ ಬಿಚ್ಚಿಸಿದರು. ಆದರೂ ಅವನ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ.

ಹಾಗಾದರೆ ಲಂಡನ್ನಿಗೆ ಒಳಚರಂಡಿ ಬಂದದ್ದು ಹೇಗೆ? 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ದಡದಲ್ಲೇ ಇದ್ದ ಪಾರ್ಲಿಮೆಂಟಿನ ಸದಸ್ಯರಿಗೆ ಒಳಗೆ ಕೂರಲು ಆಗಲಿಲ್ಲ. ಕೆಲವೇ ವಾರಗಳಲ್ಲಿ ಕಾನೂನು ಪಾಸಾಯಿತು, ದುಡ್ಡೂ ಬಂತು. ಇಂಜಿನಿಯರ್ ಬ್ಯಾಜಲ್‌ಗೆಟ್ ಇಡೀ ನಗರದ ಕೆಳಗೆ ಒಳಚರಂಡಿ ಕಟ್ಟಿಸಿದ. ಅವರು ಓಡಿಸಲು ಹೊರಟಿದ್ದು ವಾಸನೆಯನ್ನು, ಅದರ ಜೊತೆಗೆ ಓಡಿದ್ದು ಕಾಲರಾ. ತಪ್ಪು ಕಾರಣ ನಂಬಿ ಸರಿಯಾದ ಕೆಲಸ ಮಾಡಿದರು!

ಇದರ ತಿರುವುಮುರುವು ಕಥೆ ಜರ್ಮನಿಯ ಹ್ಯಾಂಬರ್ಗ್‌ನದು. ಅಷ್ಟು ಹೊತ್ತಿಗೆ ರಾಬರ್ಟ್ ಕಾಕ್ ಕಾಲರಾದ ರೋಗಾಣುವನ್ನು ಗುರುತಿಸಿ, 1884ರಲ್ಲಿ ಕಲ್ಕತ್ತಾದಲ್ಲಿ ಅದನ್ನು ಖಚಿತ ಮಾಡಿಕೊಂಡಿದ್ದರು. ಕಾರಣ ಗೊತ್ತಿತ್ತು. ಆದರೆ ಶ್ರೀಮಂತ ವ್ಯಾಪಾರಿಗಳ ಆ ನಗರ ಖರ್ಚಿನ ಲೆಕ್ಕ ಹಾಕುತ್ತಾ ನೀರು ಸೋಸುವ ವ್ಯವಸ್ಥೆಯನ್ನು ಮುಂದೂಡುತ್ತಲೇ ಬಂದಿತ್ತು. ಎಲ್ಬ್ ನದಿ ನೀರನ್ನು ಸೋಸದೆ ನಲ್ಲಿಗೆ ಬಿಡುತ್ತಿದ್ದರು. 1892ರಲ್ಲಿ ಕೆಲವೇ ವಾರಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಕ್ಕಕ್ಕೇ ಅಂಟಿಕೊಂಡಿದ್ದ ಆಲ್ಟೋನಾ ಊರು ಕುಡಿಯುತ್ತಿದ್ದುದೂ ಅದೇ ನದಿ ನೀರು, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲಿನ ನೀರು. ಆದರೆ ಅವರು ಮರಳಿನಲ್ಲಿ ಸೋಸುತ್ತಿದ್ದರು. ಅಲ್ಲಿ ಸಾವು ಬಹಳ ಕಡಿಮೆ.

ಈಗ ನಮ್ಮ ಊರಿಗೆ ಬರೋಣ. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಬಂದಾಗ ನೈರ್ಮಲ್ಯದ ಕೆಲಸಕ್ಕೆ ಒಬ್ಬ ಸೇನಾ ವೈದ್ಯನನ್ನು ಕಳಿಸಿದರು, ಹೆಸರು ರೊನಾಲ್ಡ್ ರಾಸ್. ಅಲ್ಲಿಂದ ಸಿಕಂದರಾಬಾದಿಗೆ ವಾಪಸ್ ಬಂದ ಆತ ಬೇಗಂಪೇಟೆಯಲ್ಲಿ ಸೊಳ್ಳೆಗಳನ್ನು ಕೊಯ್ದು ಕೊಯ್ದು ನೋಡುತ್ತಿದ್ದ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆ ಕಚ್ಚಿಸಿಕೊಳ್ಳಲು ಕಾಸು ಕೊಡುತ್ತಿದ್ದ. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರಾವಲಂಬಿ ಕಾಣಿಸಿತು. 1902ರಲ್ಲಿ ನೊಬೆಲ್ ಬಂತು. ಅಂದರೆ ನಿಂತ ನೀರು ಯಾಕೆ ಅಪಾಯ ಅನ್ನುವುದಕ್ಕೆ ಪುರಾವೆ ಸಿಕ್ಕಿದ್ದು ಇದೇ ಊರಲ್ಲಿ.

ಹನ್ನೊಂದು ವರ್ಷ ಕಳೆಯಿತು. 1908ರ ಸೆಪ್ಟೆಂಬರ್ 28. ಮೂಸಿ ನದಿ ಉಕ್ಕಿತು. ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು ಮಳೆ. ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದವು. ಸತ್ತವರು ಸುಮಾರು ಹದಿನೈದು ಸಾವಿರ ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಫ್ಜಲ್‌ಗಂಜ್‌ನ ಒಂದು ಹುಣಸೇಮರ ಹತ್ತಿ ಸುಮಾರು ನೂರೈವತ್ತು ಜನ ಉಳಿದುಕೊಂಡರು. ಆ ಮರವನ್ನು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಈಗಲೂ ತೋರಿಸುತ್ತಾರೆ.

ಆಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಮುಂಬೈ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದವರಿಗೆ ಅಲ್ಲಿಗೇ ತಂತಿ ಹೋಯಿತು. 1909ರಲ್ಲಿ ಬಂದರು, ಅದೇ ವರ್ಷ ವರದಿ ಕೊಟ್ಟರು. ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಹೊರಟೂ ಹೋದರು.

ಅವರನ್ನು ಕೇಳಿದ್ದು ಪ್ರವಾಹ ತಡೆಯುವುದು ಹೇಗೆ ಅಂತ ಮಾತ್ರ ಆಗಿರಲಿಲ್ಲ. ನಗರಕ್ಕೆ ಒಳಚರಂಡಿ ಯೋಜನೆಯೂ ಬೇಕಿತ್ತು. ಸಿಂಧ್‌ನ ಸಕ್ಕರ್‌ನಲ್ಲಿ ಸಿಂಧೂ ನದಿಯ ಕೆಸರು ನೀರನ್ನು ಸೋಸಿ ಊರಿಗೆ ಕೊಟ್ಟಿದ್ದವರು ಅವರು. ಹೈದರಾಬಾದಿಗೂ ಎರಡನ್ನೂ ಜೊತೆಜೊತೆಯಾಗಿ ಹೇಳಿದರು: ನಗರದ ಮೇಲ್ಗಡೆ ನೀರು ತಡೆಯುವ ಜಲಾಶಯಗಳು, ನಗರದ ಕೆಳಗೆ ಕೊಳಚೆ ಸಾಗಿಸುವ ಕೊಳವೆಗಳು. ಮನೆಮನೆಗೂ ಒಳಚರಂಡಿ ಸಂಪರ್ಕ ಇಲ್ಲದೆ ಈ ಊರು ಆರೋಗ್ಯವಾಗಿರಲ್ಲ ಅನ್ನುವುದು ಅವರ ಖಚಿತ ಅಭಿಪ್ರಾಯ.

1911ರಲ್ಲಿ ಪ್ಲೇಗು ಬಂತು. ಆ ಹೊಡೆತಕ್ಕೆ ಮರುವರ್ಷ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಹುಟ್ಟಿತು. ಇಕ್ಕಟ್ಟಾದ ಗಲ್ಲಿಗಳನ್ನು ಕೆಡವಿ ರಸ್ತೆ ಅಗಲ ಮಾಡಿದರು. ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ, ಅದೇ ನಮ್ಮ ಗಂಡಿಪೇಟ್, 1920ಕ್ಕೆ ಮುಗಿಯಿತು. ಈಸಿ ಹೊಳೆಗೆ ಕಟ್ಟಿದ ಹಿಮಾಯತ್ ಸಾಗರ 1927ಕ್ಕೆ. ಒಳಚರಂಡಿ? ಅದರ ವಿಷಯಕ್ಕೆ ಸರ್ ಎಂ.ವಿ. ಅವರ ಸಲಹೆಯನ್ನು 1922ರಲ್ಲಿ ಮತ್ತೆ ಕೇಳಿದರು, 1930ರಲ್ಲಿ ಇನ್ನೊಮ್ಮೆ. ಕೊನೆಗೆ 1931ಕ್ಕೆ ವ್ಯವಸ್ಥೆ ಜಾರಿಗೆ ಬಂತು: 54 ಚದರ ಕಿಲೋಮೀಟರ್, 4.68 ಲಕ್ಷ ಜನರಿಗೆ. ವರದಿ ಕೊಟ್ಟು ಇಪ್ಪತ್ತೆರಡು ವರ್ಷ ಆಗಿತ್ತು.

ನ್ಯಾಯವಾಗಿ ಹೇಳಬೇಕು: ಕೊಳವೆಯಲ್ಲಿ ಕೊಳಚೆ ಹರಿಯಬೇಕಾದರೆ ಮೊದಲು ಮನೆಗಳಿಗೆ ನೀರು ಬರಬೇಕು, ಹಾಗಾಗಿ ಜಲಾಶಯ ಮೊದಲಾಗಿದ್ದು ತಪ್ಪೇನಲ್ಲ. ಆದರೆ ನೀರು ಬಂದು ಚರಂಡಿ ಬಾರದಿದ್ದರೆ ಆ ನೀರೇ ಮನೆ ಮುಂದೆ ನಿಂತು ರಾಸ್ ಹುಡುಕಿದ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಲಂಡನ್ನಿನಲ್ಲೂ ನೀರು ಬಿಡುವ ಶೌಚಾಲಯಗಳು ಮೊದಲು ಬಂದು, ಒಳಚರಂಡಿ ಆಮೇಲೆ ಬಂದದ್ದರಿಂದಲೇ ಥೇಮ್ಸ್ ಅಷ್ಟು ನಾರಿದ್ದು.

ನನಗೆ ಅನ್ನಿಸೋದು ಇಷ್ಟು. ಕಾರಣ ಗೊತ್ತಾದ ಮಾತ್ರಕ್ಕೆ ರೋಗ ಹೋಗಲ್ಲ. ಕಾರಣಕ್ಕೂ ಪರಿಹಾರಕ್ಕೂ ನಡುವೆ ದುಡ್ಡು ಮಂಜೂರು ಮಾಡುವವರು ಕೂತಿರುತ್ತಾರೆ, ಅವರನ್ನು ಅಲ್ಲಿ ಕೂರಿಸಿದ ನಾವೂ ಇರುತ್ತೇವೆ. ನಮ್ಮ ಮನಸ್ಸು ಒಲಿಯೋದು ಕಣ್ಣಿಗೆ ಕಾಣೋದಕ್ಕೆ. ಸೆಪ್ಟೆಂಬರ್ 15 ಬಂದರೆ ಸರ್ ಎಂ.ವಿ. ಫೋಟೋಕ್ಕೆ ಹಾರ ಹಾಕ್ತೀವಿ, ಕನ್ನಂಬಾಡಿಯ ಮಾತಾಡ್ತೀವಿ. ಭಾನುವಾರ ಗಂಡಿಪೇಟ್ ಏರಿ ಮೇಲೆ ಮಕ್ಕಳನ್ನು ಕರ್ಕೊಂಡು ಹೋಗ್ತೀವಿ. ಅವರು ಹಾಕಿಕೊಟ್ಟ ಚರಂಡಿ ನಕ್ಷೆಯನ್ನು ಎಷ್ಟು ಜನ ನೆನೆಸ್ತೀವಿ?

ಮರೆತರೆ ಏನಾಗುತ್ತೆ ಅನ್ನೋದು 2009ರ ಮೇ ತಿಂಗಳಲ್ಲಿ ಗೊತ್ತಾಯಿತು. ಮುಶೀರಾಬಾದ್ ಹತ್ತಿರದ ಭೋಲಕ್‌ಪುರದಲ್ಲಿ ನಲ್ಲಿ ನೀರಿಗೆ ಕೊಳಚೆ ಸೇರಿ ಹಲವರು ಸತ್ತರು, ನೂರಾರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಹೈಟೆಕ್ ಸಿಟಿ ಅಂತ ಜಗತ್ತೇ ಹೊಗಳುತ್ತಿದ್ದ ಕಾಲ ಅದು. ಸತ್ತವರು ಚರ್ಮದ ಮತ್ತು ಗುಜರಿಯ ಗೋದಾಮುಗಳ ನಡುವೆ ಬದುಕುತ್ತಿದ್ದ ಬಡವರ ಬಸ್ತಿಯವರು. ಹ್ಯಾಂಬರ್ಗ್‌ನಲ್ಲೂ ಹೆಚ್ಚು ಸತ್ತವರು ಬಡವರೇ.

ನಾವು ಮನೆಗೆ ಫಿಲ್ಟರ್ ಹಾಕಿಸಿಕೊಂಡೆವು. ನಮಗೆ ದುಡ್ಡಿತ್ತು, ಹಾಕಿಸಿಕೊಂಡೆವು. ಗಲ್ಲಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವರ ಮನೆಗೆ ಬರುವುದೂ ಅದೇ ಪೈಪಿನ ನೀರು. ಅವರ ಮನೆಯಲ್ಲೂ ಒಂದು ಮಗು ಇದೆ. ಪ್ರತಿ ಮನೆಯೂ ತನಗೊಂದು ಫಿಲ್ಟರ್ ಕೊಂಡು ಸುಮ್ಮನಾದರೆ ರಸ್ತೆ ಕೆಳಗಿನ ಪೈಪಿನ ಬಗ್ಗೆ ಕೇಳುವವರು ಯಾರು? ಈ ಸಲ ಗಲ್ಲಿಯವರೆಲ್ಲ ಸೇರಿ ಅರ್ಜಿ ಬರೆದಿದ್ದೇವೆ, ಇಸ್ತ್ರಿ ಅಂಗಡಿಯವರದ್ದೇ ಮೊದಲ ಸಹಿ.

ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ, ಕೊಳಚೆ ಎಲ್ಲಿಗೆ ಹೋಗುತ್ತೆ? ಇವತ್ತು ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಗೊತ್ತಾದರೆ ನಮಗೂ ಬರೆದು ತಿಳಿಸಿ.