ಪಿಗ್ಮಿ ಮಾಮನ ಪುಸ್ತಕ

ಸಮಾಜ ವಿಜ್ಞಾನದ ಪಾಠದಲ್ಲಿ 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು ಎಂದು ಕಪ್ಪು ಹಲಗೆಯ ಮೇಲೆ ಬರೆಯುವಾಗ, ಅವುಗಳಲ್ಲಿ ಎರಡು ನಮ್ಮ ಜಿಲ್ಲೆಯವು ಎಂದು ನಾನು ಸ್ವಲ್ಪ ದನಿ ಎತ್ತರಿಸಿಯೇ ಹೇಳುತ್ತೇನೆ. ಮಕ್ಕಳು ಆಕಳಿಸುತ್ತಾರೆ. 1997ರಲ್ಲಿ ಉಡುಪಿ ಬೇರೆಯಾಗುವ ಮೊದಲಿನ ದಕ್ಷಿಣ ಕನ್ನಡ ಜಿಲ್ಲೆಯ ನೆಲದಲ್ಲಿ ಹುಟ್ಟಿದ ದೊಡ್ಡ ಬ್ಯಾಂಕುಗಳೇ ಐದು. 1906ರಲ್ಲಿ ಕೆನರಾ, ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ. ಅವುಗಳಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಾಗೆ ಮನೆತನದ ಹೆಸರೂ ಬದಲಾಯಿತು.

ಕೆನರಾ ಬ್ಯಾಂಕನ್ನು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೂ ಹನ್ನೆರಡು ವರ್ಷ ಮೊದಲೇ, 1894ರಲ್ಲಿ, ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆದಿದ್ದರು. ಶಾಲೆ ಮೊದಲು, ಬ್ಯಾಂಕು ಆಮೇಲೆ. ನಮ್ಮ ಮನೆಯಲ್ಲಿ ಮಾತ್ರ ಈ ಕ್ರಮ ತಿರುವುಮುರುವಾಗಿತ್ತು.

ಸಿಂಡಿಕೇಟ್ ಹುಟ್ಟಿದ್ದು ಉಡುಪಿಯಲ್ಲಿ, ಕೈಮಗ್ಗ ಕುಸಿದು ಕಂಗಾಲಾದ ನೇಕಾರರಿಗೆ ನೆರವಾಗಲೆಂದು. ವಾಮನ ಕುಡ್ವ, ಉಪೇಂದ್ರ ಪೈ, ಡಾಕ್ಟರ್ ಟಿ.ಎಂ.ಎ. ಪೈ ಮೂವರು ಸೇರಿ ಎಂಟು ಸಾವಿರ ರೂಪಾಯಿಯಲ್ಲಿ ಶುರು ಮಾಡಿದ್ದು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಜನ ಬ್ಯಾಂಕಿಗೆ ಬರದಿದ್ದರೆ ಬ್ಯಾಂಕೇ ಜಗಲಿಗೆ ಹೋಗಲಿ ಎಂಬ ಲೆಕ್ಕ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ ಆಗುತ್ತಿತ್ತು. ಅಂದಿನ ಬಡ ಸಂಸಾರಕ್ಕೆ ಅದೇನು ಸಣ್ಣ ಗಂಟಲ್ಲ.

ನಮ್ಮ ಮನೆಗೆ ಬರುತ್ತಿದ್ದವರನ್ನು ನಾವು ಮಕ್ಕಳು ಪಿಗ್ಮಿ ಮಾಮ ಎನ್ನುತ್ತಿದ್ದೆವು. ಪಿಗ್ಮಿ ಎಂಬುದು ಅವರ ಮನೆತನದ ಹೆಸರೆಂದೇ ಹೈಸ್ಕೂಲಿನವರೆಗೂ ನಂಬಿದ್ದೆ. ಕಂಕುಳಲ್ಲಿ ಕೊಡೆ, ಹೆಗಲಿಗೆ ಚೀಲ. ಅಪ್ಪ ಅಂಗಡಿಗೆ ಹೋದ ಮೇಲೆ, ಹನ್ನೊಂದರ ಸುಮಾರಿಗೆ ಬಂದು, "ಇವತ್ತು ಎಷ್ಟು ಬರೆಯಲಿ ಅಕ್ಕ?" ಎನ್ನುವರು. ಅಂಗಳದ ಹತ್ತು ಮಲ್ಲಿಗೆ ಗಿಡಗಳೇ ಅಮ್ಮನ ವರಮಾನ. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಸ್ಸಿಗೆ ಕೊಟ್ಟು ಕಳಿಸುವಳು. ಹೂವಿಗೆ ಬೆಲೆ ಬಂದ ದಿನ ಐದು ರೂಪಾಯಿ, ಇಲ್ಲದ ದಿನ ಎರಡು. ಆಟಿಯ ಮಳೆಯಲ್ಲಿ ಒಂದೇ. ಪುಸ್ತಕ ಮಾತ್ರ ಹುರುಳಿಯ ಡಬ್ಬಿಯೊಳಗೆ. (ಬಿಸಿಲು ಮಳೆಯೆನ್ನದೆ ಅಲೆದ ಇಂಥ ಸಂಗ್ರಾಹಕರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಅಷ್ಟರಲ್ಲಿ ಮಾಮನ ಮೊಣಕಾಲು ಸವೆದುಹೋಗಿತ್ತು.)

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯನ್ನಾಗಿ ಮಾಡಿದ್ದು ನಿಜ. ಆದರೆ ಕಪಾಟಿನ ಬೀಗದ ಕೈ ಯಾರ ಸೊಂಟದಲ್ಲಿರಬೇಕು ಎಂಬುದನ್ನು ಪಾರ್ಲಿಮೆಂಟು ತೀರ್ಮಾನಿಸಲಾರದು.

1991ರಲ್ಲಿ ನನ್ನ ಬಿ.ಎ. ಮುಗಿಯಿತು. "ಇನ್ನು ಸಾಕು, ಬಿ.ಎಡ್.ಗೆ ಹಾಕುವ ದುಡ್ಡು ಮದುವೆಗಾದರೂ ಆದೀತು" ಎಂದರು ಅಪ್ಪ. ಅವರದು ಕೆಟ್ಟ ಮನಸ್ಸಲ್ಲ, ಲೆಕ್ಕದ ಮನಸ್ಸು. ಅಮ್ಮ ಏನೂ ಮಾತಾಡದೆ ಡಬ್ಬಿಗೆ ಕೈ ಹಾಕಿ, ಹುರುಳಿಯ ಹೊಟ್ಟು ಕೊಡವಿ, ಪುಸ್ತಕವನ್ನು ಅವರ ಊಟದ ಬಟ್ಟಲಿನ ಪಕ್ಕದಲ್ಲಿಟ್ಟಳು. ಅಪ್ಪ ಮೊತ್ತ ನೋಡಲಿಲ್ಲ. "ಎಷ್ಟು ವರ್ಷದಿಂದ?" ಎಂದರು.

"ಹನ್ನೊಂದು."

ಇನ್ನೊಂದು ಸಂಗತಿ ಹೇಳಲೇಬೇಕು. ಪೇಟೆಯಲ್ಲಿ ಅಪ್ಪನ ಅಂಗಡಿಯಿಂದಲೂ ದಿನಾ ಪಿಗ್ಮಿ ಎತ್ತುತ್ತಿದ್ದವರು ಅದೇ ಮಾಮ! ಹನ್ನೊಂದು ವರ್ಷ ಗಂಡನ ದುಡ್ಡನ್ನೂ ಹೆಂಡತಿಯ ದುಡ್ಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದರು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಿರಲಿಲ್ಲ. "ಆ ಪುಣ್ಯಾತ್ಮನಾದರೂ ಒಂದು ಮಾತು ಹೇಳಬಾರದಿತ್ತೆ?" ಎಂಬುದೇ ಅಪ್ಪನಿಗೆ ದೊಡ್ಡ ಸಂಕಟ. ಎರಡು ದಿನ ಮಾತಿಲ್ಲದೆ ಉಂಡರು. ಮೂರನೆಯ ದಿನ ತಾವೇ ಹೋಗಿ ಬಿ.ಎಡ್. ಅರ್ಜಿ ತಂದರು. ಮುಂದೆ ಊರವರ ಬಳಿ, "ಮಗಳಿಗೆ ಬಿ.ಎಡ್. ಓದಿಸಿದೆ" ಎಂದೇ ಹೇಳಿಕೊಂಡರು. ಅಮ್ಮ ತಿದ್ದಲಿಲ್ಲ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ದೇಶದ ಎಷ್ಟು ಡಬ್ಬಿಗಳ ಮುಚ್ಚಳ ತೆರೆಯಿತೋ! ಕಪ್ಪು ಹಣ ಹೊರಬರಲಿ ಎಂದು ಮಾಡಿದ ಕೆಲಸದಲ್ಲಿ ಅರಸಿನದ, ಹುರುಳಿಯ ಘಮ ಹತ್ತಿದ ಹಣವೂ ಹೊರಬಂತು. ಅಮ್ಮ ಮೂವತ್ತೊಂದು ಐನೂರರ ನೋಟು ತಂದಿಟ್ಟಳು. ಎಂಬತ್ತು ದಾಟಿದ ಅಪ್ಪ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಎಣಿಸಿದರು.

"ಮತ್ತೆ ಶುರು ಮಾಡಿದೆಯಾ?"

"ನಿಲ್ಲಿಸಿದ್ದು ಯಾವಾಗ?"

ಇಬ್ಬರೂ ಒಂದೇ ರಿಕ್ಷಾದಲ್ಲಿ ಬ್ಯಾಂಕಿಗೆ ಹೋಗಿ ಒಂದೇ ಸಾಲಿನಲ್ಲಿ ನಿಂತರು.

ಇದನ್ನೆಲ್ಲ ನಗುತ್ತಾ ಹೇಳುವ ನನ್ನ ಸಂಗತಿ ಕೇಳಿ. ಅಮ್ಮನ ಮಲ್ಲಿಗೆಯಿಂದ ಬಂದ ನೌಕರಿ. ಸಂಬಳ ನನ್ನ ಹೆಸರಿನ ಖಾತೆಗೇ ಬೀಳುತ್ತಿತ್ತು. ಎಟಿಎಂ ಕಾರ್ಡು ಮಾತ್ರ ಮೊದಲಿನಿಂದಲೂ ಯಜಮಾನರ ಪರ್ಸಿನಲ್ಲಿ. ಅವರು ಕಸಿದುಕೊಂಡದ್ದಲ್ಲ, "ನನಗೆ ಆ ಮಿಷನ್ನು ತಿಳಿಯುವುದಿಲ್ಲ" ಎಂದು ನಾನೇ ಕೊಟ್ಟದ್ದು. ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರೂ ಅವರದೇ. ನಾನು ಸೀರೆ ಅಂಗಡಿಯಲ್ಲಿ ಚೆಕ್ ಕೊಟ್ಟರೆ ಟಿಣ್ ಎನ್ನುವುದು ಅವರ ಕಿಸೆ. ಹುರುಳಿಯ ಡಬ್ಬಿಗೆ ಆ ಶಬ್ದವಿರಲಿಲ್ಲ.

ಅಮ್ಮನನ್ನು ಬ್ಯಾಂಕಿನಿಂದ ಮನೆಗೆ ಬಿಟ್ಟುಬಂದ ಸಂಜೆ ಕಾರ್ಡು ಕೇಳಿದೆ. ಯಜಮಾನರು ತಕರಾರಿಲ್ಲದೆ ಕೊಟ್ಟರು. ಪೇಟೆಯ ಮಿಷನ್ನಿನ ಮುಂದಿನ ಉದ್ದ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ಒಳಗೆ ಹೋಗಿ ಕಾರ್ಡು ತೂರಿಸಿದೆ. ಪಿನ್ ನಂಬರು ಕೇಳಿತು. ಹಿಂದಿನವರ ಗೊಣಗಾಟದ ನಡುವೆ ಮನೆಗೆ ಫೋನು ಮಾಡಬೇಕಾಯಿತು.

ಅದು ಅವರ ಹುಟ್ಟಿದ ವರ್ಷ.