ಟ್ಯಾಮ್ರಾನ್ ಮತ್ತು ಅದರ ರಿಂಗು

ಕ್ಯಾಮೆರಾ ಅಂದ ಕೂಡಲೇ ನಮಗೆ ನೆನಪಾಗುವುದು ನಿಕಾನ್, ಕ್ಯಾನನ್. ಇಂಥವರ ಕ್ಯಾಮೆರಾಗಳಿಗೆ ಹೊರಗಿನಿಂದ ಲೆನ್ಸ್ ಮಾಡಿ ಮಾರುತ್ತಲೇ ಎಪ್ಪತ್ತೈದು ವರ್ಷ ದಾಟಿದ ಕಂಪನಿಯೊಂದಿದೆ, ಟ್ಯಾಮ್ರಾನ್. ನಾನು ಫೋಟೋಗ್ರಾಫರ್ ಅಲ್ಲ, ಬ್ಯಾಂಕಿನವನು. ಹಾಗಾಗಿ ಈ ಕಥೆಯಲ್ಲಿ ನನಗೆ ಚಿತ್ರಕ್ಕಿಂತ ಹೆಚ್ಚಾಗಿ ಕಾಣುವುದು ಸ್ಟಾಕಿನ ಲೆಕ್ಕ!

1950ರ ನವೆಂಬರ್. ಯುದ್ಧದಲ್ಲಿ ಸೋತ ಜಪಾನ್ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಟೋಕಿಯೋ ಪಕ್ಕದ ಉರಾವಾದಲ್ಲಿ (ಈ ಊರು 2001ರಲ್ಲಿ ಸೈತಾಮಾ ನಗರದಲ್ಲಿ ಸೇರಿಹೋಯಿತು) ತೈಸೇ ಎಂಬ ಪುಟ್ಟ ಕಾರ್ಖಾನೆ ಶುರುವಾಯಿತು. ಕ್ಯಾಮೆರಾ, ಬೈನಾಕ್ಯುಲರ್‌ಗಳಿಗೆ ಗಾಜು ಉಜ್ಜಿ ಲೆನ್ಸ್ ಮಾಡುವ ಕೆಲಸ. ಅಲ್ಲಿನ ಲೆನ್ಸ್ ವಿನ್ಯಾಸಕಾರ ಉಹ್ಯೋಯೆ ತಮೂರಾ. ಅವರ ಹೆಸರಿನಿಂದಲೇ ‘ಟ್ಯಾಮ್ರಾನ್’ ಬ್ರಾಂಡ್ ಹುಟ್ಟಿತು. 1970ರಲ್ಲಿ ಕಂಪನಿಯ ಹೆಸರೂ ಅದೇ ಆಯಿತು. ಮಾಲೀಕನ ಹೆಸರು ಬಿಟ್ಟು ಕೆಲಸ ಮಾಡಿದ ಎಂಜಿನಿಯರನ ಹೆಸರಿಟ್ಟರು ನೋಡಿ, ಇದು ಅಪರೂಪ.

ಇನ್ನು ಸಮಸ್ಯೆಗೆ ಬರೋಣ. ಒಂದೊಂದು ಕ್ಯಾಮೆರಾಗೂ ಲೆನ್ಸ್ ಕೂರಿಸುವ ಬಾಯಿ ಬೇರೆ ಬೇರೆ. ಒಬ್ಬನದು ತಿರುಪು, ಇನ್ನೊಬ್ಬನದು ಕೊಂಡಿ. ಐದು ಬಗೆಯ ಲೆನ್ಸು, ಆರು ಬಗೆಯ ಕ್ಯಾಮೆರಾ ಅಂದರೆ ಅಂಗಡಿಯವನು ಮೂವತ್ತು ಬಗೆ ಮಾಲು ಇಡಬೇಕು. ಯಾವುದು ಮಾರಾಟವಾಗುತ್ತದೋ ದೇವರೇ ಬಲ್ಲ. ಅಲ್ಲಿಯವರೆಗೆ ಬಂಡವಾಳ ಕಪಾಟಿನಲ್ಲಿ ಮಲಗಿರುತ್ತದೆ. ಸಾಲದ ಫೈಲು ನೋಡುವವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು.

1957ರಲ್ಲಿ ತೈಸೇ ಇದಕ್ಕೊಂದು ಮದ್ದು ಕಂಡುಹಿಡಿಯಿತು, ಟಿ-ಮೌಂಟ್. ಲೆನ್ಸಿನ ಹಿಂಭಾಗದಲ್ಲಿ 42 ಮಿ.ಮೀ. ಅಗಲದ ಒಂದೇ ಅಳತೆಯ ತಿರುಪು. ಅದಕ್ಕೂ ಕ್ಯಾಮೆರಾಗೂ ನಡುವೆ ಒಂದು ಅಗ್ಗದ ರಿಂಗು. ಕ್ಯಾಮೆರಾ ಬದಲಾದರೆ ರಿಂಗು ಬದಲಿಸಿದರೆ ಸಾಕು! ಈಗ ಅಂಗಡಿಯವನಿಗೆ ಐದು ಬಗೆ ಲೆನ್ಸು, ಆರು ಬಗೆ ರಿಂಗು ಸಾಕು. ಗಿರಾಕಿಗೂ ಲಾಭ.

ಆದರೆ ಒಂದು ಕೊರತೆ ಇತ್ತು. ಬೆಳಕಿನ ಕಿಂಡಿಯನ್ನು ಪ್ರತಿ ಸಲವೂ ಕೈಯಿಂದಲೇ ಕಿರಿದು ಮಾಡಬೇಕಿತ್ತು. 1976ರ ‘ಅಡಾಪ್ಟಾಲ್’ ರಿಂಗುಗಳು ಆ ಸಂಪರ್ಕವನ್ನೂ ಕ್ಯಾಮೆರಾಗೆ ದಾಟಿಸಿದವು. ಮೂರು ವರ್ಷದ ನಂತರ ಬಂದ 90 ಮಿ.ಮೀ. ಮ್ಯಾಕ್ರೋ ಲೆನ್ಸಂತೂ ಹೂವು, ಕೀಟಗಳ ಫೋಟೋ ತೆಗೆಯುವವರ ಅಚ್ಚುಮೆಚ್ಚಾಯಿತು.

1985ರಲ್ಲಿ ಮಿನೋಲ್ಟಾ 7000 ಬಂತು. ಆಟೋಫೋಕಸ್ ಯುಗ. ಕ್ಯಾಮೆರಾ ಮತ್ತು ಲೆನ್ಸ್ ವಿದ್ಯುತ್ ಸಂಕೇತಗಳಲ್ಲಿ ಮಾತಾಡತೊಡಗಿದ ಮೇಲೆ ರಿಂಗಿನ ಉಪಾಯ ಸಾಲದಾಯಿತು. ಟ್ಯಾಮ್ರಾನ್ ಕೂಡ ಒಂದೊಂದು ಬ್ರಾಂಡಿಗೂ ಬೇರೆ ಬೇರೆ ಲೆನ್ಸ್ ಮಾಡಬೇಕಾಯಿತು. ಆಗ ಅದು ಹಿಡಿದ ದಾರಿ ಬೇರೆ. 1992ರಲ್ಲಿ ಹಲವು ಲೆನ್ಸುಗಳ ಕೆಲಸ ಮಾಡುವ ಪುಟ್ಟ 28-200 ಝೂಮ್ ತಂದಿತು. ಒಂದೇ ಲೆನ್ಸ್ ಹಾಕಿಕೊಂಡು ಯಾತ್ರೆ ಹೋಗುವವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಗಿರಾಕಿಯ ಹೊರೆ ಇಳಿಸುವುದು, ಹಳೇ ಬುದ್ಧಿಯೇ.

ಅಂದ ಹಾಗೆ, ಟಿ-ಮೌಂಟ್ ಸತ್ತಿಲ್ಲ. ದೂರದರ್ಶಕಕ್ಕೆ ಕ್ಯಾಮೆರಾ ಕೂರಿಸಿ ಚಂದ್ರ, ಶನಿಯ ಫೋಟೋ ತೆಗೆಯುವ ಹವ್ಯಾಸಿಗಳು ಇಂದಿಗೂ ಬಳಸುವುದು ಅದೇ 42 ಮಿ.ಮೀ. ತಿರುಪನ್ನು. ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಟ್ಯಾಮ್ರಾನ್ ಲೆನ್ಸ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಹಿಂಭಾಗ ನೋಡಿ. ರಿಂಗು ಬಿಚ್ಚಿ ಬರುವಂಥದ್ದಾದರೆ, ಬೇರೆ ರಿಂಗು ಹಾಕಿ ಇಂದಿನ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಅದನ್ನು ಬಳಸಬಹುದು.